ಗುಂಡಿ ನುಂಗಿದ ಮುಗುಳಪ್ಪ

ನಮ್ಮ ಅತ್ತೆಯ ಕಣ್ಣಿಗೆ ಜಗತ್ತಿನಲ್ಲಿ ಯಾವುದೂ ಸರಿಯಾಗಿಲ್ಲ. ಆ ಪ್ಯಾಂಟು ಉದ್ದ, ಈ ತೋಳು ಗಿಡ್ಡ, ಎದುರುಮನೆಯ ಪರದೆ ಸೊಟ್ಟ. ಮನೆಯ ಮುಂದಿನ ಕೋಣೆಯಲ್ಲೇ ಅವರ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ, ಬೇರೆಯವರು ಹೊಲಿದು ಕೆಡಿಸಿದ್ದನ್ನು ಸರಿ ಮಾಡಿಕೊಡುತ್ತಾರೆ. ಬಿಗಿಯಾದದ್ದನ್ನು ಸಡಿಲಿಸುವುದು, ದೊಗಳೆಯಾದದ್ದನ್ನು ಹಿಡಿಯುವುದು ಅವರ ಕಸುಬು. ಸೊಸೆಯಾಗಿ ಬಂದ ನನ್ನನ್ನೂ ಆಲ್ಟರೇಶನ್ನಿಗೆ ಬಂದ ಬಟ್ಟೆಯೆಂದೇ ತಿಳಿದಿದ್ದರೋ ಏನೋ. ನಾನೂ ಬಾಯಿ ಸತ್ತವಳಲ್ಲ. ಹೊಲಿಗೆ ಯಂತ್ರ ಅವರದು, ಇಸ್ತ್ರಿ ಮೇಜು ನನ್ನದು, ನಡುವೆ ದಿನವಿಡೀ ಮಾತಿನ ಚಕಮಕಿ.

ಇಂಥ ಅತ್ತೆ ಒಂದು ದಿನ ಸಾಕುಪ್ರಾಣಿಗಳ ಅಂಗಡಿಯವನಿಗೆ ಅವನ ಕೋಟು ಕೊಟ್ಟು ಬರಲು ಹೋದವರು, ಗಾಜಿನ ತೊಟ್ಟಿಯೊಂದನ್ನು ಟ್ಯಾಕ್ಸಿಯಲ್ಲಿ ಹೇರಿಕೊಂಡು ಬಂದರು. ಒಳಗೆ ಗುಲಾಬಿ ಬಣ್ಣದ ಏನೋ ಒಂದು. ನಾಲ್ಕು ಕಾಲು, ಅಗಲ ಬಾಲ, ತಲೆಯ ಎರಡು ಪಕ್ಕಕ್ಕೂ ಕೆಂಪು ಕುಚ್ಚು. ಆಕ್ಸೊಲಾಟಲ್ ಅಂತೆ. ಹುಟ್ಟಿದಾಗಿನಿಂದ ಸಾಯುವವರೆಗೂ ನೀರಿನಲ್ಲೇ ಇರುತ್ತದಂತೆ.

"ಇದೇನತ್ತೆ, ದುಡ್ಡು ಕೊಟ್ಟು ಹಲ್ಲಿ ತಂದ್ರಾ?" ಅಂದೆ.

"ಹಲ್ಲಿ ಅಂತೆ ಹಲ್ಲಿ! ಎಷ್ಟು ಚೆನ್ನಾಗಿ ನಗುತ್ತೆ ನೋಡು. ಈ ಮನೇಲಿ ನನ್ನ ಮುಖ ನೋಡಿ ನಗೋರು ಬೇರೆ ಯಾರಿದ್ದಾರೆ?"

ಅದರ ಬಾಯಿಯ ಆಕಾರವೇ ಹಾಗೆ, ಹೊಟ್ಟೆನೋವು ಬಂದರೂ ನಗುತ್ತಲೇ ಇರುತ್ತದೆ ಎಂದು ಮಾವ ಪತ್ರಿಕೆಯ ಹಿಂದಿನಿಂದ ಹೇಳಿದರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಗುಳಪ್ಪ ಎಂದು ಹೆಸರಿಟ್ಟು ತೊಟ್ಟಿಯನ್ನು ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡರು. ಎರೆಹುಳು ಬಿಟ್ಟರೆ ಗಬಕ್ಕನೆ ಒಳಗೆಳೆದುಕೊಳ್ಳುತ್ತಿತ್ತು. ಅದನ್ನು ನೋಡಿ ಅತ್ತೆಗೆ ಹೊಟ್ಟೆ ತುಂಬುತ್ತಿತ್ತು, ನನಗೆ ಹೊಟ್ಟೆ ತೊಳಸುತ್ತಿತ್ತು.

ಆದರೆ ತೊಟ್ಟಿಯ ತಳ ಬರೀ ಗಾಜು. ಅದನ್ನು ಇದ್ದ ಹಾಗೆ ಬಿಟ್ಟರೆ ಅವರು ನಮ್ಮ ಅತ್ತೆ ಹೇಗಾದಾರು? "ಪಾಪ, ಬರಿ ನೆಲದ ಮೇಲೆ ಹೇಗೆ ಮಲಗುತ್ತೆ?" ಎನ್ನುತ್ತಾ, ಎಷ್ಟೋ ವರ್ಷಗಳಿಂದ ಕೂಡಿಟ್ಟಿದ್ದ ಗುಂಡಿಗಳ ಡಬ್ಬಿಯನ್ನು ತೊಳೆದು ನೀರಿಗೆ ಸುರಿದೇಬಿಟ್ಟರು. ಅಂಗಿಯ ಗುಂಡಿ, ಕೋಟಿನ ಗುಂಡಿ, ಕೆಂಪು, ಹಸಿರು, ಮುತ್ತಿನ ಬಣ್ಣದ್ದು. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿಯೇ ಇತ್ತು. ನಾನೂ ಹೊಗಳಿದೆ.

ಕೆಲವು ದಿನ ಕಳೆದ ಮೇಲೆ ಮುಗುಳಪ್ಪ ಊಟ ಬಿಟ್ಟ. ಹುಳು ಮೂಗಿನ ಮುಂದೆ ಹರಿದಾಡಿದರೂ ಮೂತಿ ತಿರುಗಿಸುತ್ತಿದ್ದ. ಕುಚ್ಚುಗಳು ಬಾಡಿದವು. ಅತ್ತೆ ಅವನನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದರು. ಹಿಂದೆ ನಾನು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಹೊಟ್ಟೆಯ ನಡುವೆ ಬೆಳ್ಳಗೆ ದುಂಡಗೆ ಒಂದು ಚುಕ್ಕೆ.

"ಏನಮ್ಮ ಇದು?"

"ಕೋಟಿನ ತೋಳಿಗೆ ಹಾಕೋ ಗುಂಡಿ," ಎಂದು ಅತ್ತೆ ಥಟ್ಟನೆ ಹೇಳಿದರು. ಹೇಳಿದ ಮೇಲೆ ಅವರಿಗೆ ಅರ್ಥವಾಯಿತು. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು.

"ಇದು ಕಚ್ಚಿ ತಿನ್ನೋ ಪ್ರಾಣಿ ಅಲ್ಲ," ಎಂದು ಡಾಕ್ಟರು ವಿವರಿಸಿದರು. "ನೀರಿನ ಜೊತೆ ಒಳಗೆ ಎಳ್ಕೊಳುತ್ತೆ. ಹುಳು ಪಕ್ಕದಲ್ಲಿ ಏನಿದ್ರೂ ಅದೂ ಹೋಗುತ್ತೆ. ಇಷ್ಟು ಚಿಕ್ಕ ಜೀವಕ್ಕೆ ಕತ್ತರಿ ಹಾಕೋ ಧೈರ್ಯ ನನಗಿಲ್ಲ. ಒಂದು ಡಬ್ಬೀಲಿ ನೀರು ಹಾಕಿ ಫ್ರಿಜ್ಜಲ್ಲಿಡಿ. ತಣ್ಣಗಿದ್ರೆ ತಾನಾಗೇ ಹೊರಗೆ ಬರಬಹುದು. ಬಂದ್ಮೇಲೂ ತಿನ್ನಲಿಲ್ಲ ಅಂದ್ರೆ ಮಾತ್ರ ಉಳಿಯೋದು ಕಷ್ಟ."

ಫ್ರಿಜ್ಜಿನ ನಡುವಿನ ಅರೆಯಿಂದ ಹಾಲು, ಮೊಟ್ಟೆ, ತರಕಾರಿಗಳನ್ನೆಲ್ಲ ಒಕ್ಕಲೆಬ್ಬಿಸಿ ಮುಗುಳಪ್ಪನನ್ನು ಕೂರಿಸಿದೆವು. ಡಬ್ಬಿಯ ಮೇಲೆ "ಇದು ಊಟ ಅಲ್ಲ" ಎಂದು ನಾನೇ ಬರೆದು ಅಂಟಿಸಿದೆ. ಆದರೆ ಮಾವ ಕನ್ನಡಕ ಹಾಕದೆ ಅಡುಗೆಮನೆಗೆ ಬರುವವರು. ಮುಚ್ಚಳ ತೆಗೆದವರೇ ಕಿಟಾರನೆ ಕಿರುಚಿಕೊಂಡರು.

"ನನ್ನ ನೋಡಿ ನಗ್ತಿದೆ ಕಣಮ್ಮಾ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ನಗಲಿಲ್ಲ. ಮಾವನನ್ನು ಬೈಯಲೂ ಇಲ್ಲ. ಹೊಲಿಯಬೇಕಾದ ಬಟ್ಟೆ ರಾಶಿ ಬಿದ್ದಿತ್ತು, ಅವರು ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಅದರ ಪಾಡಿಗೆ ಅದು ಇತ್ತು. ನಾನೇ ಕೈಯಾರೆ ಕೊಂದೆ," ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ತಟ್ಟೆ ಮುಂದಿಟ್ಟರೆ ಹಾಗೇ ವಾಪಸು.

ನನಗೆ ರೇಗಿಹೋಯಿತು. "ಅದು ತಿನ್ನಲ್ಲ ಅಂತ ನೀವೂ ಬಾಯಿ ಕಟ್ಕೊಂಡ್ರೆ ಹೇಗತ್ತೆ? ಫ್ರಿಜ್ಜಲ್ಲಿ ಇನ್ನೊಬ್ರಿಗೆ ಜಾಗ ಇಲ್ಲ!"

ಅದಕ್ಕೂ ಅವರು ಮರುಮಾತಾಡಲಿಲ್ಲ. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇಷ್ಟು ವರ್ಷ ಈ ಹೆಂಗಸಿನ ಬಾಯಿ ಯಾವಾಗ ನಿಲ್ಲುತ್ತದೋ ಎಂದುಕೊಂಡವಳು, ಈಗ ಒಂದು ಬೈಗುಳಕ್ಕಾಗಿ ಕಾದು ಕೂತಿದ್ದೆ.

ಒಂದು ಬೆಳಿಗ್ಗೆ ಡಬ್ಬಿಯ ನೀರು ಬದಲಿಸುವಾಗ ತಳದಲ್ಲಿ ಗುಂಡಿ ಕಂಡಿತು. "ಬಂತು! ಅತ್ತೇ, ಬಂತು!" ಎಂದು ನಾನು ಕೂಗಿದ ಕೂಗಿಗೆ ಮಾವ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿಬಂದರು. ಮುಗುಳಪ್ಪ ಮೆಲ್ಲಮೆಲ್ಲನೆ ಬೆಚ್ಚಗಾಗಿ ತೊಟ್ಟಿಗೆ ಮರಳಿದ. ಈಗ ತಳ ಬರೀ ಗಾಜು.

ಆದರೂ ತಿನ್ನಲೊಲ್ಲ. ಡಾಕ್ಟರು ಹೇಳಿದಂತೆ ಹುಳುವನ್ನು ಸಣ್ಣಗೆ ತುಂಡು ಮಾಡಿ, ಅತ್ತೆ ಚಿಮುಟದಲ್ಲಿ ಹಿಡಿದು ಅವನ ಬಾಯಿಯ ಮುಂದೆ ಇಡುತ್ತಿದ್ದರು. ಎಷ್ಟು ಹೊತ್ತಾದರೂ ಆ ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುವ ಕೈ ಅದು. ಮುಗುಳಪ್ಪ ತುಂಡನ್ನು ನೋಡಿಯೂ ನೋಡದವನಂತೆ ಬಿದ್ದಿರುತ್ತಿದ್ದ. "ಸೊಂಟ ಇನ್ನೂ ಇಳಿದಿದೆ," ಎಂದು ಅತ್ತೆ ಕಣ್ಣಳತೆಯಲ್ಲೇ ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಒಂದು ಸಂಜೆ ಯಾರೋ ಪ್ಯಾಂಟು ಕೇಳಿಕೊಂಡು ಬಂದರು. "ಹಿಡ್ಕೋ ಒಂಚೂರು," ಎಂದು ಅತ್ತೆ ಚಿಮುಟವನ್ನು ನನ್ನ ಕೈಗೆ ತುರುಕಿ ಎದ್ದುಹೋದರು. ನನಗೋ ಹುಳು ಕಂಡರೆ ಮೈಯೆಲ್ಲ ಮುಳ್ಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಚಿಮುಟವನ್ನು ನೀರಿಗಿಳಿಸಿದೆ. ಕೈ ಗಡಗಡ ನಡುಗುತ್ತಿತ್ತು.

ಗಬಕ್! ಚಿಮುಟವನ್ನೇ ಯಾರೋ ಜಗ್ಗಿದಂತಾಯಿತು. ಕಿರುಚಿದೆ.

ಅತ್ತೆ ಗಿರಾಕಿಯ ಪ್ಯಾಂಟನ್ನು ಎದೆಗವಚಿಕೊಂಡು ಓಡಿಬಂದರು. "ಏನಾಯ್ತೇ? ಹೋಯ್ತಾ?"

"ತಿಂತು ಅತ್ತೆ! ತಿಂತು!"

"ಸುಳ್ಳು ಹೇಳ್ಬೇಡ."

ನಾನು ಬರಿದಾದ ಚಿಮುಟ ತೋರಿಸಿದೆ. ನೀರು ತೊಟ್ಟಿಕ್ಕುತ್ತಾ ಇನ್ನೂ ನಡುಗುತ್ತಿದ್ದ ನನ್ನ ಕೈಯನ್ನು ಅವರು ಒಂದು ಗಳಿಗೆ ದಿಟ್ಟಿಸಿದರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಅಲುಗಿದ್ರೇನೇ ಅದಕ್ಕೆ ಹುಳು ಅಂತ ಗೊತ್ತಾಗೋದು. ನಾನು ಕಲ್ಲು ಹಿಡಿದ ಹಾಗೆ ಹಿಡಿದು ಕೂತಿದ್ದೆನಲ್ಲೇ!" ಎಂದವರು ನಗುತ್ತಲೇ ಅತ್ತುಬಿಟ್ಟರು. ಗಿರಾಕಿ ಬಾಗಿಲಲ್ಲಿ ತನ್ನ ಪ್ಯಾಂಟು ನೋಡುತ್ತಾ ನಿಂತಿದ್ದ.

"ಇನ್ನೊಂದು ಕೊಡು. ಹಾಗೇ ನಡುಗಿಸ್ತಾ ಕೊಡು."

ಕೊಟ್ಟೆ. ಆದರೆ ಖುಷಿಯಲ್ಲಿ ನನ್ನ ಹೆದರಿಕೆಯೆಲ್ಲ ಇಳಿದುಹೋಗಿತ್ತು. ಬೇಕೆಂದರೂ ಕೈ ನಡುಗಲೊಲ್ಲದು. ಮುಗುಳಪ್ಪ ತುಂಡನ್ನು ನೋಡಿದ, ನಗುತ್ತಾ ಸುಮ್ಮನಿದ್ದ.

"ಬೇಕಾದಾಗ ಒಂದೂ ಮಾಡಲ್ಲ ನೀನು!" ಎಂದು ಬೈದು, ಅತ್ತೆ ನನ್ನ ಮೊಣಕೈ ಹಿಡಿದು ತಾವೇ ಅಲುಗಾಡಿಸಿದರು. ಗಬಕ್.

"ನಂಗೂ ಒಂದಿಷ್ಟು ಊಟ ಹಾಕು," ಎಂದರು ಆಮೇಲೆ, ತೊಟ್ಟಿಯ ಕಡೆ ನೋಡುತ್ತಲೇ.

ಹಾಕುತ್ತೇನೆ ಎಂದೆ. ಅವರು ನನ್ನ ಮೊಣಕೈ ಬಿಟ್ಟರೆ ತಾನೇ ನಾನು ಏಳುವುದು.