ರೇಟಕ್ಕನ ಮನೆಯಲ್ಲೀಗ ಬೆಲೆಯ ಮಾತಿಲ್ಲ

ಬೆಳಕು ಹರಿಯುವ ಹೊತ್ತು. ದಿನಸಿ ಅಂಗಡಿಯ ಷಟರ್ ಅರ್ಧ ಮೇಲೇಳುತ್ತಿದ್ದಂತೆ ಆಕೆ ಬಗ್ಗಿ ಒಳಗೆ ನುಸುಳುತ್ತಾರೆ. ಎಣ್ಣೆಯ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹಳೆಯ ಬೆಲೆಚೀಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಅದೇ ಜಾಗಕ್ಕೆ ಹೊಸದನ್ನು ಒತ್ತುತ್ತಾರೆ. ಹೆಬ್ಬೆರಳಿನ ಉಗುರು ಸವೆದು ಮೊಂಡಾಗಿದೆ. ಬೆಲೆ ಏರಿಸುವವರು ಯಾರೋ, ಬೈಗುಳ ತಿನ್ನುವವರು ಈಕೆ.

ಹನ್ನೊಂದು ವರ್ಷದಿಂದ ಇದೇ ಕೆಲಸ. ಬೀದಿಯವರ ಬಾಯಲ್ಲಿ ಈಕೆ ‘ರೇಟಕ್ಕ’.

“ನಾನು ಯಾವ ಕಪಾಟಿನ ಹತ್ರ ನಿಂತ್ರೂ, ಬೆಲೆ ಏರುತ್ತೆ ಅಂತ ಜನ ಅಲ್ಲಿರೋದನ್ನೇ ಬಾಚ್ಕೊಳ್ತಾರೆ. ಒಂದ್ಸಲ ಸೋಪಿನ ಹತ್ರ ಬರೀ ಧೂಳು ಒರೆಸ್ತಿದ್ದೆ. ಮಧ್ಯಾಹ್ನದೊಳಗೆ ಸೋಪೆಲ್ಲ ಖಾಲಿ,” ಎಂದು ನಗುತ್ತಾರೆ. “ಅಕ್ಕಿ ಬೆಲೆ ಇಳಿದಿದ್ದೂ ಉಂಟು. ಯಾರಿಗೂ ನೆನಪಿಲ್ಲ.”

ಮನೆಯೆಂದರೆ ಒಂದೇ ಕೋಣೆ. ಗಂಡ ತೀರಿಕೊಂಡ ಮೇಲೆ ಉಳಿದವರು ಈಕೆ ಮತ್ತು ಅತ್ತೆ. ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳುತ್ತಿದ್ದರು: “ಇವತ್ತೇನು ಏರ್ತು?” ಸೊಸೆ ಒಂದೊಂದಾಗಿ ಹೇಳುವುದು, ಅತ್ತೆ ಲೊಚಗುಟ್ಟುವುದು. ಇಬ್ಬರಿಗೂ ಅದು ಹೊತ್ತು ಕಳೆಯುವ ಮಾತಾಗಿತ್ತು.

ಎಲ್ಲವೂ ಏರುವಾಗ ತಮ್ಮ ರಕ್ತದೊತ್ತಡದ ಮಾತ್ರೆ ಏರದೆ ಇರುತ್ತದೆಯೇ ಎಂದು ಅತ್ತೆ ತಮ್ಮಷ್ಟಕ್ಕೆ ತೀರ್ಮಾನಿಸಿದರು. ಯಾರಿಗೂ ಹೇಳದೆ ದಿನಕ್ಕೆ ಅರ್ಧ ಮಾತ್ರೆ ನುಂಗಿ, ಉಳಿದರ್ಧವನ್ನು ದುಬಾರಿ ದಿನಗಳಿಗೆಂದು ಡಬ್ಬಿಯಲ್ಲಿ ಕೂಡಿಡತೊಡಗಿದರು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಆಸ್ಪತ್ರೆಗೆ ಒಯ್ಯಲೆಂದು ಅವರನ್ನು ಎತ್ತುವಾಗ ದಿಂಬಿನ ಕೆಳಗಿನಿಂದ ಡಬ್ಬಿ ಉರುಳಿ, ಅರ್ಧರ್ಧ ಮಾತ್ರೆಗಳು ನೆಲಕ್ಕೆ ಚೆಲ್ಲಿದವು.

“ಔಷಧಿ ಅಂಗಡೀಲಿ ಕೇಳಿದೆ. ಆ ಮಾತ್ರೆ ಬೆಲೆ ಎರಡು ವರ್ಷದಿಂದ ಹಾಗೇ ಇದೆ ಅಂದ್ರು,” ಎನ್ನುವಾಗಲೂ ಚೀಟಿ ಅಂಟಿಸುವ ಆಕೆಯ ಕೈ ನಿಲ್ಲುವುದಿಲ್ಲ. “ನಾನು ಎಣ್ಣೆ, ಸಕ್ಕರೆ ಅಂತ ಹೇಳ್ತಿದ್ದೆ. ಮಾತ್ರೆ ಅಂತ ಯಾವತ್ತೂ ಹೇಳಿರ್ಲಿಲ್ಲ.”

ಈಗ ಬೆಳಿಗ್ಗೆ ಅತ್ತೆಗೆ ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡಿಯೇ ಆಕೆ ಕೆಲಸಕ್ಕೆ ಹೊರಡುತ್ತಾರೆ. ಸಂಜೆಯ ಪ್ರಶ್ನೆ ಮಾತ್ರ ನಿಂತಿಲ್ಲ, ತೊದಲುತ್ತ ಬರುತ್ತದೆ.

“ಏನೂ ಏರಿಲ್ಲಮ್ಮ ಅಂತೀನಿ. ನನ್ನ ಮುಖ ನೋಡ್ತಾರೆ, ನಂಬಲ್ಲ. ಊಟಕ್ಕೆ ಇಟ್ರೆ ಅರ್ಧ ಉಂಡು, ನಾಳೆಗಿರ್ಲಿ ಅಂತ ತಟ್ಟೆ ಪಕ್ಕಕ್ಕೆ ತಳ್ತಾರೆ.” ಆಕೆ ಇನ್ನೊಂದು ಚೀಟಿ ಒತ್ತುತ್ತಾರೆ. “ಅವರು ಒಂದಿನ ಹೊಟ್ಟೆ ತುಂಬ ಉಣ್ಣೋದನ್ನ ನೋಡ್ಬೇಕು. ನನಗೆ ಅಷ್ಟೇ ಸಾಕು.”