ಹದಿನೆಂಟು ವರ್ಷದ ಶಿಷ್ಯ
ಗೂಡಲೂರಿನ ಬೊಮ್ಮಣ್ಣನಿಗೆ ನಲವತ್ತು ತುಂಬಿದೆ. ಹದಿನೆಂಟು ವರ್ಷದಿಂದ ದಿಂಡಿಗಲ್ಲಿನ ಭಾಗವತರಲ್ಲಿ ಸಂಗೀತ ಕಲಿಯುತ್ತಲೇ ಇದ್ದಾನೆ. ಗದ್ದೆಯನ್ನು ತಮ್ಮನಿಗೆ, ಮನೆಯನ್ನು ಹೆಂಡತಿ ರಾಜಮ್ಮಾಳಿಗೆ ಬಿಟ್ಟು, ತಾನು ಮಹಾವಿದ್ವಾಂಸನಾಗುವ ಕೆಲಸವೊಂದನ್ನೇ ಇಟ್ಟುಕೊಂಡಿದ್ದಾನೆ. ಕಲಿಕೆಯೆಂದರೆ ಭಾಗವತರ ಬಟ್ಟೆ ಒಗೆಯುವುದು, ಕಾಲೊತ್ತುವುದು, ಸ್ವರ ಜಾರಿದರೆ ಏಟು ತಿನ್ನುವುದು. ಮೂರು ದಿನ ಗಾಡಿಯಲ್ಲಿ ಕುಲುಕಿ ಊರಿಗೆ ಬಂದವನು ಬೆನ್ನಿನ ಬಾಸುಂಡೆಗಳನ್ನು ಎಲ್ಲರಿಗೂ ತೋರಿಸಿ, "ಅಯ್ಯಾರ ಕೈ ಎಲ್ಲಾರ ಮೇಲೂ ಬೀಳಾದಿಲ್ಲ" ಎಂದು ಬೀಗುತ್ತಾನೆ. ಇದುವರೆಗೆ ಒಂದು ಕಚೇರಿಯಲ್ಲೂ ಹಾಡಿಲ್ಲ. ಹಾಡಿದವರೆಲ್ಲ ಅವನ ಪ್ರಕಾರ ಅವಸರಗೇಡಿಗಳು. ಹೋದ ವರ್ಷ ಭಾಗವತರು ಕಪಾಳಕ್ಕೆ ಕೊಟ್ಟ ಒಂದು ಹೊಡೆತಕ್ಕೆ ಅವನ ಎಡಗಿವಿ ಕೇಳದೇ ಹೋಯಿತು. ಅಂದಿನಿಂದ ತಂಬೂರಿಯತ್ತ ಬಲಗಿವಿ ತಿರುಗಿಸಿ ಕೂರುತ್ತಾನೆ. ಓರೆಯಾಗಿ ಕೂತನೆಂದು ಅದಕ್ಕೂ ಭಾಗವತರು ಬಾರಿಸುತ್ತಾರೆ. "ಕಿವಿ ಕೇಳಾದಿಲ್ಲಾಂತ ಅಯ್ಯಾರಿಗೆ ಹೇಳ್ಬುಡು ಮಾಮ" ಎಂದಳು ರಾಜಮ್ಮಾಳ್, ಈ ಸಲ ಊರಿಗೆ ಬಂದ ಗಂಡನಿಗೆ. ಬೊಮ್ಮಣ್ಣ ಗಾಬರಿಯಿಂದ ಅವಳ ಬಾಯಿ ಮುಚ್ಚಿದ. "ಸುಮ್ಕಿರು. ತಿಳಿದ್ರೆ ಪಾಠ ನಿಲ್ಲಿಸ್ಬುಡ್ತಾರೆ."