ಕೆಂಪು ಸಾಲಿನ ಏಳು ಕುರಿಗಳು

ಮೇಚೇರಿ ಸುತ್ತಲಿನ ಕುರಿ ಸಾಕುವವರ ಸಂಘದಲ್ಲಿ ಪಟ್ಟಿ ಬರೆಯುವ ಕೆಲಸ ನನ್ನದು. ಒಂದು ಕುರಿಗೆ ಒಂದು ಸಾಲು: ಒಡೆಯರ ಹೆಸರು, ಕಿವಿಯ ಬಿಲ್ಲೆಯ ಸಂಖ್ಯೆ, ಕೊನೆಯ ಚುಚ್ಚುಮದ್ದಿನ ದಿನಾಂಕ. ಒಂದು ವಾರ ಇವನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಕಣ್ಣು ಸೋತಿತ್ತು. ಕೊನೆಗೆ ಸ್ಪ್ರೆಡ್‌ಶೀಟಿಗೆ ಒಂದು ನಿಯಮ ಹಾಕಿದೆ. ಚುಚ್ಚಿ ವರ್ಷ ತುಂಬಿದ್ದರೆ ಆ ಸಾಲು ಕೆಂಪಾಗಬೇಕು, ಇಲ್ಲದಿದ್ದರೆ ಹಸಿರು. ಇನ್ನು ಬೆರಳಿಟ್ಟು ಓದುವುದು ತಪ್ಪಿತು ಎಂದುಕೊಂಡೆ.

ಅವಸರವಿತ್ತು. ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿದೊಡನೆ ಕರುಳುಬೇನೆ ಬರುತ್ತದೆ. ಬೆಳಿಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಇರುವುದಿಲ್ಲ. ಚುಚ್ಚುಮದ್ದು ಹಾಕುವ ಹೆಂಗಸಿನ ಫೋನಿಗೆ ಬಣ್ಣದ ಪಟ್ಟಿ ಕಳಿಸಿದೆ. ಆಕೆ ನಂಗವಳ್ಳಿ ಕಡೆಯ ಹಟ್ಟಿಗಳನ್ನೆಲ್ಲ ಸುತ್ತಿ ನಾಲ್ಕನೇ ದಿನ ಐಸ್ ಪೆಟ್ಟಿಗೆ ತಂದಿಟ್ಟಳು. ಹೊಸ ದಿನಾಂಕ ತುಂಬಲು ಕೂತಾಗ ನೋಡಿದೆ, ಆಕೆ ಗುರುತು ಹಾಕಿಕೊಂಡು ಬಂದ ಸಂಖ್ಯೆಗಳೆಲ್ಲ ಹಸಿರು ಸಾಲಿನವು.

"ಕೆಂಪಿರೋವು ಯಾಕೆ ಬುಟ್ಟೆ?"

"ಕೆಂಪು ಅಂದ್ರೆ ಊಸಿ ಆಗೈತೆ ಅಂತ ತಾನೆಣ್ಣಾ? ಓದ್ವರ್ಸ ಬೆನ್ನಿಗೆಲ್ಲ ಕೆಂಪು ಬಳ್ದೋನು ನೀನೇ ಅಲ್ವಾ?"

ನಿಜ. ನಮ್ಮಲ್ಲಿ ಊಸಿ, ಅಂದರೆ ಚುಚ್ಚುಮದ್ದು, ಹಾಕಿದ ಕುರಿಯ ಬೆನ್ನಿಗೆ ಕೆಂಪು ಬಳಿದು ಬಿಡುತ್ತೇವೆ, ಅದೇ ಕುರಿಗೆ ಮತ್ತೆ ಚುಚ್ಚಬಾರದೆಂದು. ಬಣ್ಣದ ಡಬ್ಬಿ ಹಿಡಿದು ನಿಲ್ಲುವವನು ನಾನೇ. ಪಟ್ಟಿ ಮಾಡುವಾಗ ಅದು ನೆನಪಾಗಲಿಲ್ಲ.

ಅಷ್ಟರಲ್ಲಿ ಎರಡು ಮಳೆ ಬಿದ್ದಿತ್ತು. ಮರುದಿನ ಬೆಳಿಗ್ಗೆಯೇ ಇಬ್ಬರೂ ಹೊರಟೆವು. ಮೊದಲ ಕೆಂಪು ಸಾಲುಗಳು ಒಬ್ಬ ಮುದುಕಿಯವು. ಏಳು ಕುರಿಗಳಲ್ಲದೆ ಆಕೆಗೆ ಬೇರೆ ಆಧಾರವಿಲ್ಲ. ದೊಡ್ಡಿಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಗೋಣಿಚೀಲ ಹೊದಿಸಿದ ಒಂದು ಕುರಿ. ಅಲುಗುತ್ತಿರಲಿಲ್ಲ.

"ಬಾರಪ್ಪ ಕಣ್ಣು. ಮೊನ್ನೆ ಇವ್ಳು ನಮ್ ಬಾಗ್ಲು ದಾಟ್ಕೊಂಡೇ ಓದ್ಲು. ಈಗ ದಾರಿ ಗೊತ್ತಾತಾ?"

ಚುಚ್ಚುಮದ್ದಿನ ಹೆಂಗಸು ಐಸ್ ಪೆಟ್ಟಿಗೆ ಬಿಚ್ಚತೊಡಗಿದಳು. "ತಪ್ಪು ನಂದು," ಎಂದೆ. ಮುದುಕಿ ಒಂದೊಂದೇ ಕುರಿಯನ್ನು ಹಿಡಿದುಕೊಟ್ಟಳು. ಆರಕ್ಕೆ ಚುಚ್ಚಿ, ಆರರ ಬೆನ್ನಿಗೆ ಬಳಿದೆವು. ಸಂಜೆಯವರೆಗೆ ಉಳಿದ ಮನೆಗಳಾದವು.

ಸಂಘಕ್ಕೆ ಬಂದು ನಿಯಮ ತಿದ್ದಿದೆ: ಊಸಿ ಆದದ್ದು ಕೆಂಪು, ಆಗದ್ದಕ್ಕೆ ಬಣ್ಣವೇ ಇಲ್ಲ. ಎರಡು ನಿಮಿಷದ ಕೆಲಸ. ಮುದುಕಿಯ ಆರು ಸಾಲು ಕೆಂಪಾದವು. ಏಳನೆಯದು ಬಿಳಿಯಾಗಿ ಉಳಿಯಿತು. ನಾವು ಹೊರಡುವಾಗ ಆಕೆ ಹೇಳಿದ್ದಳು: "ಆರು ಅಂತ ತಿದ್ದಿಬುಡು. ಇಲ್ದಿದ್ರೆ ಬರೋ ವರ್ಸ ಬಂದು ಏಳನೇದ್ನ ಉಡುಕ್ತೀಯ."

ಸಾಲು ಅಳಿಸಿದೆ.